ನೂರ್ ಫಾತಿಮಾ ನಡೆಸಿದ ಆಟ

ಶ್ರೀರಂಗಪಟ್ಟಣದ ತಾಲ್ಲೂಕು ಕಚೇರಿಯ ಎದುರಿಗಿರುವ ಜೆರಾಕ್ಸ್ ಅಂಗಡಿಯಲ್ಲಿ ನೂರ್ ಫಾತಿಮಾ ಟೈಪಿಂಗ್ ಕೆಲಸಕ್ಕೆ ಸೇರಿ ಏಳು ವರ್ಷವಾಗಿತ್ತು. ಪಹಣಿ ತಿದ್ದುಪಡಿ, ವಂಶವೃಕ್ಷದ ಅಫಿಡವಿಟ್ಟು, ರೇಷನ್ ಕಾರ್ಡಿಗೆ ಸೊಸೆಯ ಹೆಸರು ಸೇರಿಸುವ ಅರ್ಜಿ, ಇವೇ ಅವಳ ದಿನದ ಕೆಲಸ. ಜನ ಎದುರಿನ ಸ್ಟೂಲಿನಲ್ಲಿ ಕೂತು ಅರ್ಧ ಗಂಟೆ ತಮ್ಮ ಸಂಸಾರ ಹೇಳಿಕೊಳ್ಳುತ್ತಿದ್ದರು. ಅವಳು ಅದನ್ನೆಲ್ಲ ಅರ್ಧ ಪುಟಕ್ಕೆ ಇಳಿಸುತ್ತಿದ್ದಳು. ಇಪ್ಪತ್ತೊಂಬತ್ತು ವಯಸ್ಸು, ಮಾತು ಕಡಿಮೆ. ಗಂಜಾಂನ ಮನೆಯಲ್ಲಿ ಅವಳೂ ತಾಯಿ ರೆಹಮತುನ್ನೀಸಾಳೂ ಇಬ್ಬರೇ.

ಒಂದು ದಿನ ಮೈಸೂರಿನ ಕಾಲೇಜು ಹುಡುಗನೊಬ್ಬ ಪೆನ್‌ಡ್ರೈವ್ ತಂದು ಇನ್ನೂರು ಪುಟದ ಇಂಗ್ಲಿಷ್ ಪುಸ್ತಕ ಪ್ರಿಂಟ್ ಮಾಡಿ ಸ್ಪೈರಲ್ ಹಾಕಿಡಲು ಹೇಳಿ ಹೋದ. ತಿಂಗಳು ಮೂರಾದರೂ ತಿರುಗಿ ಬರಲಿಲ್ಲ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ನೂರ್ ಅದನ್ನು ತಿರುವತೊಡಗಿದಳು. ಅದೊಂದು ಆಟದ ಪುಸ್ತಕ. ಆದರೆ ಮಣೆಯಿಲ್ಲ, ಕಾಯಿಲ್ಲ, ಗೆಲ್ಲುವವರೂ ಇಲ್ಲ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ ಆ ಕಥೆಯೊಳಗೆ ಓಡಾಡುತ್ತಾರೆ. ನಡೆಸುವವರು ‘ಬಾಗಿಲಿಗೆ ಬೀಗವಿದೆ, ಏನು ಮಾಡುತ್ತೀರಿ?’ ಎನ್ನುತ್ತಾರೆ. ಆಡುವವರು ಒಡೆಯುತ್ತೇನೆ ಅನ್ನಬಹುದು, ಕೂಗುತ್ತೇನೆ ಅನ್ನಬಹುದು. ಅದು ಆಗುತ್ತದೋ ಇಲ್ಲವೋ ಎಂದು ತೀರ್ಮಾನಿಸಲು ಇಪ್ಪತ್ತು ಮುಖದ ಒಂದು ದಾಳ. ಹೆಚ್ಚು ಬಿದ್ದರೆ ಆಯಿತು, ಕಡಿಮೆ ಬಿದ್ದರೆ ಕೆಟ್ಟಿತು.

ನೂರ್‌ಗೆ ನಿದ್ದೆ ಹತ್ತದಂತಾಯಿತು. ಇಷ್ಟು ವರ್ಷ ಬೇರೆಯವರ ಕಥೆಯನ್ನು ನಮೂನೆಗೆ ತುರುಕಿದವಳಿಗೆ, ನಮೂನೆಯೇ ಇಲ್ಲದ ಒಂದು ಕಥೆ ನಡೆಸಬೇಕೆಂಬ ಆಸೆ ಹುಟ್ಟಿತು. ದಾಳ ಆನ್‌ಲೈನಿನಲ್ಲಿ ತರಿಸಿದಳು. ಒಂದೂವರೆ ತಿಂಗಳು ಕೂತು ಕನ್ನಡದಲ್ಲಿ ಇಪ್ಪತ್ತೆರಡು ಪುಟ ಬರೆದಳು. ಒಂದು ಹಳೆಯ ಕೋಟೆ, ಅದರ ಕಾವಲು ಗಂಟೆ ಕಳುವಾಗಿದೆ, ಮೂವರು ದಾರಿಹೋಕರು ಅದನ್ನು ಹುಡುಕಬೇಕು. ಗಂಟೆ ಇರುವುದು ಕೋಟೆಯ ನೆಲಮಾಳಿಗೆಯ ಬಾವಿಯಲ್ಲಿ.

ಆಡಲು ಮೂವರು ಒಪ್ಪಿದರು. ಪಕ್ಕದ ರಕ್ತಪರೀಕ್ಷೆಯ ಲ್ಯಾಬಿನ ಟೆಕ್ನಿಷಿಯನ್ ಮೇಘನ. ತಾಲ್ಲೂಕು ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ಅಶೋಕ್. ಇವರಿಬ್ಬರೂ ಕಿರಂಗೂರಿನವರು. ಮೂರನೆಯವನು ನೂರ್‌ಳ ಚಿಕ್ಕಪ್ಪನ ಮಗ, ಗೂಡ್ಸ್ ಆಟೋ ಓಡಿಸುವ ಅರ್ಫಾತ್.

ಭಾನುವಾರ ಮಧ್ಯಾಹ್ನ ಎರಡೂವರೆಗೆ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ ಕೂತರು. ನೂರ್ ಗಂಟಲು ಸರಿಮಾಡಿಕೊಂಡು ಓದತೊಡಗಿದಳು. ಕೋಟೆ ಕಟ್ಟಿದವರು ಯಾರು, ಗಂಟೆ ಎರಕ ಹೊಯ್ದದ್ದು ಹೇಗೆ, ಊರಿನ ಏಳು ಬೀದಿಗಳ ಹೆಸರೇನು. ನಾಲ್ಕನೇ ಪುಟದಲ್ಲಿ ತಲೆಯೆತ್ತಿದಾಗ ಅರ್ಫಾತ್ ಮೊಬೈಲಿನಲ್ಲಿ ಕ್ರಿಕೆಟ್ ಸ್ಕೋರ್ ನೋಡುತ್ತಿದ್ದ. ಆರನೆಯ ಪುಟಕ್ಕೆ ಮೇಘನ ಬಾಯಿಗೆ ಕೈ ಅಡ್ಡ ಹಿಡಿದು ಆಕಳಿಸಿದಳು. ಅಶೋಕ್ ಮರ್ಯಾದೆಗೆ ತಲೆಯಾಡಿಸುತ್ತಿದ್ದನಾದರೂ ಕಣ್ಣು ಗೋಡೆಯ ಗಡಿಯಾರದಲ್ಲಿತ್ತು. ನಿಲ್ಲಿಸಿದರೆ ಏನು ಹೇಳುವುದೆಂದು ತೋಚದೆ ನೂರ್ ಇನ್ನೂ ಜೋರಾಗಿ ಓದಿದಳು.

“ಆಪಾ,” ಅಂದ ಅರ್ಫಾತ್, “ಇದು ಇಸ್ಕೂಲಲ್ಲಿ ಪಾಠ ಮಾಡ್ದಂಗೈತೆ. ನಾವೇನ್ ಮಾಡ್ಬೇಕು ಅದ್ನ ಹೇಳು. ಇಲ್ದಿದ್ರೆ ನಂಗೊಂದು ಬಾಡಿಗೆ ಐತೆ, ಹೋಗ್ತೀನಿ.”

ಯಾರೂ ಅವನನ್ನು ಗದರಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು.

ನೂರ್ ಹಾಳೆಗಳನ್ನು ಮಗುಚಿ ಪಕ್ಕಕ್ಕಿಟ್ಟಳು. ಬಾಯಿಗೆ ಬಂದದ್ದನ್ನು ಹೇಳಿದಳು: “ನೀವು ಮೂರೂ ಜನ ತೆಪ್ಪದಲ್ಲಿದೀರ. ಕೋಟೆ ಆಚೆ ದಡದಲ್ಲಿದೆ. ನಡು ಹೊಳೆಗೆ ಬರೋ ಹೊತ್ತಿಗೆ ನೀರು ಕೆಂಪಗಾಯ್ತು. ಮೇಲಿಂದ ಪ್ರವಾಹ ಬರ್ತಾ ಇದೆ. ಏನ್ ಮಾಡ್ತೀರ?”

ಅರ್ಫಾತ್‌ನ ಮೊಬೈಲು ಚಾಪೆಯ ಮೇಲೆ ಬಿತ್ತು. “ನಾನ್ ಹುಟ್ಟು ಕಿತ್ಕೊತೀನಿ!”

“ಲೋ ಸುಮ್ಕಿರು, ತೆಪ್ಪ ಮಗುಚ್ಕೊತದೆ!” ಅಂದಳು ಮೇಘನ, ಮಂಡಿಯೂರಿ ಮುಂದೆ ಬಂದು. “ಹಗ್ಗ ಐತಾ? ಆ ಮರಕ್ಕೆ ಎಸಿಯಕಾಯ್ತದಾ?”

ಐದು ನಿಮಿಷದಲ್ಲಿ ಕೋಣೆಯ ಬಣ್ಣವೇ ಬೇರೆಯಾಯಿತು. ದಾಳ ಉರುಳಿತು, ಇಬ್ಬರೂ ಕೂಗಾಡಿದರು. ನೂರ್‌ಗೆ ಖುಷಿಯಾಯಿತು. ಹಿಡಿದಿದ್ದೇನೆ, ಇವರನ್ನು ಬಿಡಬಾರದು ಅನ್ನಿಸಿತು. ಇನ್ನಷ್ಟು ಬಿಗಿ ಮಾಡಿದಳು. “ತೆಪ್ಪದವನು ನೀರಿಗೆ ಬಿದ್ದ. ಅಶೋಕ್, ಅವನ ಕೈ ನಿನ್ನ ಕೈಯಲ್ಲಿದೆ. ದಾಳ ಹಾಕು.”

ಅಶೋಕ್ ಆಗಲೇ ಮೌನವಾಗಿದ್ದುದನ್ನು ಅವಳು ಗಮನಿಸಿರಲಿಲ್ಲ. ಅವನು ದಾಳ ಹಾಕಿದ. ಮೂರು ಬಿತ್ತು.

“ಕೈ ಜಾರ್ತು,” ಅಂದಳು ನೂರ್. “ಅವನು ಮುಳುಗ್ತಾ ಇದಾನೆ. ಈಗ ಏನ್ ಮಾಡ್ತೀಯಾ?”

ಅಶೋಕ್ ತನ್ನ ಅಂಗೈ ನೋಡಿಕೊಂಡ. ಅರ್ಫಾತ್ ನಗುತ್ತ “ಧುಮುಕ್ಲಾ!” ಅಂದ. ಅಶೋಕ್ ಎದ್ದ. “ನಂಗೊಸಿ ಕೆಲ್ಸ ಐತೆ,” ಎಂದು ಯಾರ ಮುಖವನ್ನೂ ನೋಡದೆ ಹೊರಗೆ ಹೋದ. ಬೈಕು ಒಂದೇ ಏಟಿಗೆ ಸ್ಟಾರ್ಟ್ ಆಗಲಿಲ್ಲ. ಅವನು ನಾಲ್ಕು ಸಲ ಒದ್ದದ್ದು ಒಳಗಿದ್ದವರಿಗೆಲ್ಲ ಕೇಳಿಸಿತು.

ಮೇಘನ ಸೆರಗಿನಿಂದ ಮುಖ ಒರೆಸಿಕೊಂಡಳು. “ಅವ್ರಪ್ಪ ಮರಿಸ್ವಾಮಿ ಅಂತ. ನಾಕ್ ವರ್ಸದ ಹಿಂದೆ ಹೊಳೆ ತುಂಬಿದ್ದಾಗ, ಗದ್ದೆ ಪಂಪ್‌ಸೆಟ್ ಎತ್ತಕ್ಕೆ ಅಪ್ಪ ಮಗ ಇಬ್ರೂ ಹೋಗಿದ್ರು. ಅಶೋಕ ಕೈ ಹಿಡ್ಕಂಡಿದ್ನಂತೆ.”

“ನೀನ್ಯಾಕೆ ಮೊದ್ಲೇ ಹೇಳ್ಲಿಲ್ಲ?”

“ಆಟ ಅಂದ್ಕಂಡೆ ಕಣೇ. ನಾನೂ ಕೂಗಾಡ್ತಾ ಕೂತ್ಬುಟ್ಟೆ.”

ಸೋಮವಾರ ಅಶೋಕ್ ಅಂಗಡಿಗೆ ಬರಲಿಲ್ಲ. ದಿನಕ್ಕೆರಡು ಸಲ ಪ್ರಿಂಟಿಗೆ ಬರುತ್ತಿದ್ದವನು ಮಂಗಳವಾರ ಕಚೇರಿಯ ಜವಾನನ ಕೈಯಲ್ಲಿ ಪೆನ್‌ಡ್ರೈವ್ ಕಳಿಸಿದ. ಬುಧವಾರ ಅವನು ರಸ್ತೆಯ ಆ ಬದಿಯಲ್ಲೇ ನಡೆದು ಹೋದದ್ದನ್ನು ನೂರ್ ಗಾಜಿನೊಳಗಿಂದ ನೋಡಿದಳು. ಟೈಪು ತಪ್ಪತೊಡಗಿತು. ಒಬ್ಬ ರೈತನ ಅರ್ಜಿಯಲ್ಲಿ ‘ಮೃತ ತಂದೆ’ ಎಂಬುದನ್ನು ಟೈಪ್ ಮಾಡಲು ಬೆರಳು ಏಳಲಿಲ್ಲ. ಅವಳನ್ನು ಹೆಚ್ಚು ಕಾಡಿದ್ದು ಒಂದೇ ಸಂಗತಿ: ದಾಳ ಬಿದ್ದ ಗಳಿಗೆಯಲ್ಲಿ ಅವಳಿಗೆ ಖುಷಿಯಾಗಿತ್ತು.

ತಾಯಿ ಎಲ್ಲವನ್ನೂ ಗಮನಿಸಿದ್ದಳು. “ಗಲತ್ ಆಗೋಯ್ತು ಅಂತ ನಿಂಗೆ ಗೊತ್ತು,” ಅಂದಳು ರೆಹಮತುನ್ನೀಸಾ. “ಅದು ಆ ಹುಡ್ಗಂಗೆ ಗೊತ್ತಾ? ಹೋಗಿ ಹೇಳು. ಫೋನಲ್ಲಿ ಬೇಡ.”

ಗುರುವಾರ ಸಂಜೆ ಅರ್ಫಾತ್ ತನ್ನ ಆಟೋದಲ್ಲಿ ಅವಳನ್ನು ಕಿರಂಗೂರಿಗೆ ಕರೆದೊಯ್ದ. “ಧುಮುಕ್ಲಾ ಅಂದ್ಬುಟ್ಟೆ ಆಪಾ,” ಎಂದಷ್ಟೇ ಊರ ಬಾಗಿಲಲ್ಲಿ ಹೇಳಿದ.

ಜಗಲಿಯಲ್ಲಿ ಅಶೋಕ್‌ನ ತಾಯಿ ಪುಟ್ಟತಾಯಮ್ಮ ಅವರೆಕಾಯಿ ಸುಲಿಯುತ್ತಿದ್ದಳು. “ನೀನೇನವ್ವಾ ಆಟ ಆಡ್ಸೋಳು? ನಮ್ಮಶೋಕ ಹೇಳ್ದ. ಅದೇನಾಟ, ನಂಗೂ ಹೇಳು,” ಅಂದಳು. ಈ ಹೆಂಗಸಿಗೆ ಎಷ್ಟು ಗೊತ್ತು? ಹೇಳಿದರೆ ಏನಾಗುತ್ತದೆ? ಅಷ್ಟರಲ್ಲಿ ಅಶೋಕ್ ಒಳಗಿನಿಂದ ಬಂದು, “ಬಾ, ಗದ್ದೆ ಕಡೀಕೆ ಹೋಗಾನ,” ಎಂದು ಕರೆದುಕೊಂಡು ಹೋದ. ಅರ್ಫಾತ್ ಜಗಲಿಯಲ್ಲೇ ಉಳಿದು ಅವರೆಕಾಯಿಗೆ ಕೈ ಹಾಕಿದ.

ಕಬ್ಬಿನ ಗದ್ದೆಯ ಅಂಚಿನಲ್ಲಿ ನೂರ್ ನಿಂತಲ್ಲೇ ಹೇಳಿಬಿಟ್ಟಳು: “ನಂಗೆ ಗೊತ್ತಿರ್ಲಿಲ್ಲ. ಗೊತ್ತಿರ್ಲಿಲ್ಲ ಅಂತ ಅದು ಸರಿ ಆಗಲ್ಲ. ತಪ್ಪಾಯ್ತು.”

ಅಶೋಕ್ ಕಬ್ಬಿನ ಗರಿಯೊಂದನ್ನು ಸೀಳಿದ. “ನೀನ್ ಬೇಕಂತ ಮಾಡ್ನಿಲ್ಲ ಬುಡು. ಮೂರು ಬಿದ್ದುದ್ಕೂ ನಂಗೇನ್ ಬೇಜಾರಿಲ್ಲ. ಆಮೇಲೆ ನೀನ್ ಕೇಳ್ದಲ್ಲ, ಈಗೇನ್ ಮಾಡ್ತೀಯಾ ಅಂತ... ಅವತ್ತು ನಾನೇನೂ ಮಾಡ್ನಿಲ್ಲ ಕಣಕ್ಕ. ದಡದಲ್ಲಿ ನಿಂತ್ಕಂಡು ನೋಡ್ದೆ. ಈಜಕೆ ಬರ್ತದೆ ನಂಗೆ. ಯಾರಿಗೂ ಇದ್ನ ಹೇಳಿಲ್ಲ.”

ನೂರ್‌ಗೆ ಸಮಾಧಾನದ ಮಾತು ನಾಲ್ಕಾರು ಹೊಳೆದವು. ಒಂದನ್ನೂ ಆಡಲಿಲ್ಲ. ಅಂಗಡಿಯ ಸ್ಟೂಲಿನಲ್ಲಿ ಕೂತವರ ಮಾತು ಕೇಳುವಂತೆ ಕೇಳುತ್ತ ನಿಂತಳು. ಅವನು ಪೂರ್ತಿ ಹೇಳಿದ, ನೀರಿನ ಸದ್ದಿನಿಂದ ಹಿಡಿದು ಮೂರನೇ ದಿನ ಸಿಕ್ಕ ದೇಹದವರೆಗೆ. ಕತ್ತಲಾಗುವ ಮುಂಚೆ ಇಬ್ಬರೂ ತಿರುಗಿ ನಡೆದರು.

“ಭಾನುವಾರ ಆಡ್ತೀವಿ,” ಅಂದಳು. “ನೀರಿರಲ್ಲ.”

“ನೋಡ್ತೀನಿ,” ಅಂದ.

ಆ ಎರಡು ದಿನ ಅವಳು ಇಪ್ಪತ್ತೆರಡು ಪುಟವನ್ನು ಒಂದು ಹಾಳೆಗೆ ಇಳಿಸಿದಳು. ಹೊಳೆಯನ್ನು ತೆಗೆದಳು. ಗಂಟೆಯನ್ನು ನೆಲಮಾಳಿಗೆಯ ಬಾವಿಯಿಂದ ಎತ್ತಿ ಬುರುಜಿನ ತುದಿಗೆ ಸಾಗಿಸಿದಳು. ಕಥೆ ಕೋಟೆಯೊಳಗೇ ಶುರು, ಮೆಟ್ಟಿಲು ಮೇಲಕ್ಕೆ.

ಭಾನುವಾರ ಎರಡೂವರೆಗೆ ಮೇಘನ, ಅರ್ಫಾತ್ ಬಂದರು. ಮೂರಾಯಿತು. ಯಾರೂ ಮೊಬೈಲು ತೆಗೆಯಲಿಲ್ಲ. ಮೂರು ಹತ್ತಕ್ಕೆ ಬೈಕಿನ ಸದ್ದು ಕೇಳಿತು. ಅಶೋಕ್ ಒಳಗೆ ಬಂದು ತನ್ನ ಜಾಗದಲ್ಲಿ ಕೂತ.

“ಶುರು ಮಾಡೋ ಮುಂಚೆ ಒಂದು ಕೇಳ್ತೀನಿ,” ಅಂದಳು ನೂರ್. “ಈ ಕಥೇಲಿ ಏನು ಬೇಡ, ಒಬ್ಬೊಬ್ರೂ ಹೇಳಿ. ಯಾಕೆ ಅಂತ ಹೇಳ್ಬೇಕಾಗಿಲ್ಲ.”

“ನೀರು,” ಅಂದ ಅಶೋಕ್.

“ರಕ್ತ,” ಅಂದಳು ಮೇಘನ. “ವಾರ ಪೂರ್ತಿ ಅದ್ನೇ ನೋಡ್ತೀನಿ.” ಎಲ್ಲರೂ ಸ್ವಲ್ಪ ನಕ್ಕರು.

ಅರ್ಫಾತ್ ತಲೆ ಕೆರೆದುಕೊಂಡ. ಅವನು ತಮಾಷೆ ಮಾಡುತ್ತಾನೆಂದೇ ಎಲ್ಲರೂ ಕಾದರು. “ಯಾರ್ನೂ ಲಾಕಪ್ಪಿಗೆ ಹಾಕ್ಬೇಡ ಆಪಾ,” ಅಂದ. ನೂರ್‌ಗೆ ಅವನ ಬಗ್ಗೆ ಅದು ಹೊಸ ವಿಷಯ. ಕೇಳಲಿಲ್ಲ.

ಆಟ ಸಾಗಿತು. ಕಾವಲುಗಾರನಿಗೆ ಮೇಘನ ಸುಳ್ಳು ಹೇಳಿದಳು, ಹದಿನೇಳು ಬಿತ್ತು, ಅವನು ನಂಬಿದ. ಒಳಗಿನ ಅಂಗಳದಲ್ಲಿ ಎರಡು ಮೆಟ್ಟಿಲ ಸಾಲು. ಬುರುಜಿನ ಕಡೆ ಬೆಳಕಿದೆ, ಯಾರದೋ ಹೆಜ್ಜೆ ಗುರುತಿದೆ ಎಂದು ನೂರ್ ಎರಡೆರಡು ಸಲ ಹೇಳಿದಳು.

“ಬೆಳಕಿರೋ ಕಡೆ ಕಳ್ಳ ಯಾಕಿರ್ತಾನೆ?” ಅಂದ ಅಶೋಕ್. “ಕೆಳಕ್ಕೆ ಹೋಗಾನ.”

“ಮೇಲೆ ಹೋದ್ರೆ...” ಅಂದಳು ನೂರ್.

“ಬ್ಯಾಡ. ಕೆಳಗೇ.” ಮೂವರೂ ಒಂದೇ ಮಾತು.

ಕೆಳಗೆ ಅವಳು ಬರೆದದ್ದು ಬಾವಿಯೊಂದೇ. ಅದನ್ನು ತೆಗೆದ ಮೇಲೆ ಅಲ್ಲಿ ಏನೂ ಇರಲಿಲ್ಲ. ಹಾಳೆಯ ಆ ಭಾಗ ಖಾಲಿ.

“ಹನ್ನೆರಡು ಮೆಟ್ಟಿಲು ಇಳಿದ್ರಿ,” ಅಂದಳು, ಹೊತ್ತು ಕಳೆಯಲು. “ಕತ್ತಲು.”

“ಏನೈತೆ ಅಲ್ಲಿ?” ಅಶೋಕ್ ಅವಳ ಮುಖವನ್ನೇ ನೋಡುತ್ತಿದ್ದ. ಅವನ ಮುಷ್ಟಿ ಬಿಗಿದಿತ್ತು. ಅವನೂ ಅದಕ್ಕೇ ಹೆದರುತ್ತಿದ್ದಾನೆ ಎಂದು ನೂರ್‌ಗೆ ಹೊಳೆಯಿತು. ಕತ್ತಲು, ಕೆಳಗೆ, ತಂಪು. ನೀರಲ್ಲದೆ ಬೇರೇನಿರುತ್ತದೆ? ಹೆದರಿಕೆಯಿದ್ದೂ ಅವನೇ ಇಳಿದಿದ್ದ. ನೂರ್‌ಳ ತಲೆಯಲ್ಲಿ ಒಂದು ಅಕ್ಷರವೂ ಉಳಿದಿರಲಿಲ್ಲ.

“ನೆಲ ಒಣಗಿದೆ,” ಅಂದಳು ಮೊದಲು. “ಪೂರ್ತಿ ಒಣ. ಕಾಲಿಗೆ ಧೂಳು ಹತ್ತುತ್ತೆ.” ಅಶೋಕ್‌ನ ಬೆರಳು ಸಡಿಲವಾಯಿತು. ಆಮೇಲೆ, ಹೇಳಲು ಬೇರೇನೂ ಇಲ್ಲದ್ದರಿಂದ, ಕೇಳಿದಳು: “ಕತ್ತಲಲ್ಲಿ ಒಂದು ಸದ್ದು ಬರ್ತಿದೆ. ಅದೇನು ಅಂತ ನೀವೇ ಹೇಳಿ.”

ಮೂವರೂ ಕಿವಿಗೊಟ್ಟರು.

“ಯಾರೋ ಕೆಮ್ಮ್ತಾವ್ರೆ,” ಅಂದ ಅರ್ಫಾತ್ ಪಿಸುದನಿಯಲ್ಲಿ.

“ಮುದುಕ,” ಅಂದಳು ಮೇಘನ. “ಹಳೇ ಕೆಮ್ಮು ಅದು. ವಾಸಿ ಆಗದಲ್ಲ.”

“ಗಂಟೆ ಹೊಡಿಯೋನು,” ಅಂದ ಅಶೋಕ್ ನಿಧಾನವಾಗಿ. “ಅವನೇ ಗಂಟೆ ಬಚ್ಚಿಟ್ಕಂಡು ಕೂತವ್ನೆ. ಒಂದಿನ ಹೊಡಿಯೋದ್ ಮರ್ತ್ಬುಟ್ಟಿದ್ದ. ಊರ್ನೋರ ಮುಂದೆ ಬರಕ್ಕೆ ಅವನ್ಗೆ ಮೊಖ ಇಲ್ಲ.”

ನೂರ್ ತನ್ನ ಹಾಳೆಯನ್ನು ಮಡಚಿದಳು. ಬುರುಜು, ಕಳ್ಳ, ಬೆಳಕು ಎಲ್ಲ ಹೋದವು. ಮುಂದಿನ ಒಂದು ಗಂಟೆ ಅವಳು ಆ ಮುದುಕನಾಗಿ ಮಾತಾಡಿದಳು, ಮೂವರೂ ಅವನನ್ನು ಹೊರಗೆ ಕರೆತರಲು ಹೆಣಗಿದರು. ಮೇಘನ ಗದರಿದಳು, ನಾಲ್ಕು ಬಿತ್ತು. ಮುದುಕ ಗೋಡೆಗೆ ಮುಖ ತಿರುಗಿಸಿದ. ಅರ್ಫಾತ್ ಹೊತ್ತುಕೊಂಡು ಹೋಗಲು ನೋಡಿದ, ಆರು ಬಿತ್ತು. ಕೊನೆಗೆ ಅಶೋಕ್ ದಾಳ ಕೈಗೆತ್ತಿಕೊಂಡ, ಹಾಕಲಿಲ್ಲ. “ನಾನೇನೂ ಹೇಳದಿಲ್ಲ,” ಅಂದ. “ಪಕ್ಕದಲ್ಲಿ ಕೂತ್ಕೊತೀನಿ, ಅಷ್ಟೆ.”

ಪುಸ್ತಕದಲ್ಲಿ ಅದಕ್ಕೆ ನಿಯಮವಿರಲಿಲ್ಲ. ಒಲೆಯ ಮೇಲೆ ಚಹಾ ಉಕ್ಕಿದ್ದು ಯಾರಿಗೂ ತಿಳಿಯಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ರೆಹಮತುನ್ನೀಸಾ ಕೂಡ ಸೌಟು ಹಿಡಿದು ನಿಂತಿದ್ದಳು.

“ಬೆಳಗಾಗೋವರ್ಗೂ ಕೂತ್ರಿ,” ಅಂದಳು ನೂರ್ ಕೊನೆಗೆ. “ಮುದುಕ ಎದ್ದ.”

ಅದಾಗಿ ಎರಡು ವರ್ಷ. ಮೇಘನ ಮದುವೆಯಾಗಿ ನಾಗಮಂಗಲಕ್ಕೆ ಹೋದಳು, ತಿಂಗಳಿಗೊಮ್ಮೆ ಬಸ್ಸು ಹಿಡಿದು ಬರುತ್ತಾಳೆ. ನೂರ್ ಈಗಲೂ ಮರುದಿನದ ಆಟದ ಆತಂಕದಲ್ಲಿ ಶನಿವಾರ ಸಂಜೆ ಸರಿಯಾಗಿ ಊಟ ಮಾಡುವುದಿಲ್ಲ. ಕೆಲವು ಭಾನುವಾರ ಆಟ ನೀರಸವಾಗುತ್ತದೆ. ಅರ್ಫಾತ್ ಮೊಬೈಲು ತೆಗೆದರೆ ಅವಳು ಓದುವುದನ್ನು ಬಿಟ್ಟು ಅವನಿಗೊಂದು ಪ್ರಶ್ನೆ ಕೇಳುತ್ತಾಳೆ. ನೀರು ಅವರ ಕಥೆಯೊಳಗೆ ಇನ್ನೂ ಬಂದಿಲ್ಲ. ಅಶೋಕ್ ಮತ್ತೆ ಆ ವಿಷಯ ಎತ್ತಿಲ್ಲ.

ಹೋದ ತಿಂಗಳು ಅವನು ತಾಯಿಯನ್ನೂ ಬೈಕಿನಲ್ಲಿ ಕೂರಿಸಿಕೊಂಡು ಬಂದ. ಪುಟ್ಟತಾಯಮ್ಮ ಗೋಡೆಗೆ ಒರಗಿ ಅರ್ಧ ಗಂಟೆ ಸುಮ್ಮನೆ ನೋಡಿದಳು. ಕಥೆಯಲ್ಲಿ ಮೂವರೂ ಒಬ್ಬ ಸುಂಕದವನ ಮುಂದೆ ಸಿಕ್ಕಿಬಿದ್ದು ತಡವರಿಸುತ್ತಿದ್ದರು.

“ಇಷ್ಟ್ ಜನ ಇದ್ಕಂಡು ಅವನ್ಗೆ ಒಂದ್ ಮಾತ್ ಹೇಳಕ್ಕಾಗದಿಲ್ವಾ?” ಅಂದಳು ಇದ್ದಕ್ಕಿದ್ದಂತೆ.

“ಅವ್ವಾ, ನೀನ್ ಆಟದಲ್ಲಿಲ್ಲ,” ಅಂದ ಅಶೋಕ್.

“ಅದ್ಯಾಕಿಲ್ಲ?” ಎಂದು ಅವಳು ಚಾಪೆಯ ಮೇಲೆ ಸರಿದು ಬಂದು ನೂರ್‌ಳ ಮುಂದೆ ಕೈ ಚಾಚಿದಳು. “ಕೊಡವ್ವ ಆ ದಾಳನ ಇತ್ತ.”