ದಿಬ್ಬದ ಮೇಲೆ ನೆಟ್ಟ ಹೂಗಳು

ಕೆಲವು ವಿವರ ನನಗೆ ತಪ್ಪಾಗಿ ನೆನಪಿರಬಹುದು. ಚಳಿಗಾಲದ ಮಳೆಗೆ ಮರಳಲ್ಲಿ ನೇರಳೆ ಬಣ್ಣದ ಹೂ ಅರಳಿದ ವರ್ಷ, ಗಲ್ಫಿನ ಮರುಭೂಮಿಯಂಚಿನ ರುವೈಸ್‌ನಲ್ಲಿ ಕೆಲಸಕ್ಕಿದ್ದ ಅಣ್ಣ ನನ್ನನ್ನು ಫೋಟೊ ತೆಗೆಯಲು ಕರೆದೊಯ್ದಿದ್ದ. ಮಧ್ಯಾಹ್ನದ ಬಿಸಿಲಿಗೆ ಬಣ್ಣವೆಲ್ಲ ಬಿಳಿಚಿಕೊಂಡಿತ್ತು. ಸಂಜೆಯವರೆಗೆ ಕಾದೆವು. ಅಷ್ಟರಲ್ಲಿ ಹೂಗಳಿದ್ದ ತಗ್ಗಿಗೆ ದಿಬ್ಬದ ನೆರಳು ಬಿತ್ತು. ಕ್ಯಾಮೆರಾವನ್ನು ಹೂವಿಗೆ ಹೊಂದಿಸಿದರೆ ಹಿಂದಿನ ಮರಳು ಬರೀ ಬಿಳಿ, ಮರಳಿಗೆ ಹೊಂದಿಸಿದರೆ ಹೂವು ಕಪ್ಪು.

ಅಣ್ಣ ಮೂರು ಗಿಡಗಳನ್ನು ಬೇರುಸಮೇತ ಕಿತ್ತು, ಇನ್ನೂ ಬಿಸಿಲಿದ್ದ ದಿಬ್ಬದ ಮೇಲೆ ನೆಟ್ಟ.

"ಯಲ್ಲಾ, ಬೇಗ ತೆಗಿ ಮಾರಾಯ್ತಿ! ಸೂರ್ಯ ಏನು ನಿನ್ನ ಗಂಡನಾ, ಕಾದು ನಿಲ್ಲಲಿಕ್ಕೆ?" ಎಂದು ಅರಬ್ಬಿ ಬೆರೆಸಿ ಅವಸರಿಸಿದ.

ನಗುತ್ತಲೇ ತೆಗೆದೆ. ಕ್ಯಾಮೆರಾ ಚೀಲಕ್ಕೆ ಹಾಕುವಾಗ ಹೂಗಳು ಆಗಲೇ ಜೋತುಬಿದ್ದಿದ್ದವು.

ಆ ಚಿತ್ರ ಕರಾಮ ಬಡಾವಣೆಯ ನಮ್ಮ ಫ್ಲ್ಯಾಟಿನ ಗೋಡೆಯಲ್ಲಿದೆ. ಬಂದವರು "ಎಂಥ ಬೆಳಕು!" ಎಂದಾಗಲೆಲ್ಲ ಚಹಾ ತರುವ ನೆಪದಲ್ಲಿ ಒಳಗೆ ಹೋಗುತ್ತೇನೆ. ಇಷ್ಟು ವರ್ಷ ಅಣ್ಣನ ಆ ಕೈಗಳನ್ನು ನೆನೆದು ಹೇಸಿಕೊಂಡೆ. ಆದರೆ ವಾಪಸು ಬರುವಾಗ ನನ್ನ ಉಗುರುಗಳಲ್ಲೂ ಒದ್ದೆ ಮರಳಿತ್ತು. ಅದು ಮಾತ್ರ ಚೆನ್ನಾಗಿ ನೆನಪಿದೆ. ಕಳೆದ ತಿಂಗಳು ಫೋನಿನಲ್ಲಿ ಅಣ್ಣನನ್ನು ಕೇಳಿದೆ: "ಅಣ್ಣಾ, ಆ ಗಿಡಗಳನ್ನು ಕಿತ್ತು ಮೇಲೆ ನೆಡು ಅಂತ ನಿಂಗೆ ಹೇಳಿದ್ದು ನಾನೇಯಾ?"