ರಾಗಿ ಮೂಟೆ ಕೂತ ಫಿಯೆಟ್ಟು

ಹೆಬ್ಬಾಳ ಕೆರೆಯ ಮಂಜು ಇನ್ನೂ ಕರಗಿಲ್ಲ. ರಸ್ತೆಯಂಚಿನ ತಗಡಿನ ಶೆಡ್ಡಿನೊಳಗೂ ಅದು ಹೇಳದೆ ಕೇಳದೆ ನುಗ್ಗಿದೆ. ಚಕ್ರಗಳೇ ಇಲ್ಲವೇನೋ ಎಂಬಂತೆ ಒಂದು ಕೆಂಪು ಫಿಯೆಟ್ ಮಂಜಿನ ಮೇಲೆ ತೇಲುತ್ತಿದೆ. ಡ್ರೈವರ್ ಸೀಟಿನಲ್ಲಿ ಯಾರೋ ಗಂಭೀರವಾಗಿ ಕೂತಿದ್ದಾರೆ. ನಮಸ್ಕಾರ ಹೇಳಿದರೆ ಉತ್ತರವಿಲ್ಲ. ಹತ್ತಿರ ಹೋಗಿ ನೋಡಿದರೆ ಗೋಣಿಚೀಲ, ಒಳಗೆ ರಾಗಿ.

"ಅವರು ಮಾತಾಡಲ್ಲ ಸಾರ್," ಕಾರಿನ ಕೆಳಗಿನಿಂದ ದನಿ ಬರುತ್ತದೆ. "ಅದಕ್ಕೇ ನನಗೆ ಅವರು ಇಷ್ಟ."

ದನಿಯ ಹಿಂದೆಯೇ ಜಾರಿ ಹೊರಬರುವವರು ಹಬೀಬುಲ್ಲಾ. ರೇಸಿಗೆ ಹೋಗುವ ಕಾರುಗಳನ್ನು ನೆಲಕ್ಕೆ ಹತ್ತಿರ ಕೂರಿಸುವುದು ಇವರ ಕಸುಬು. ಶಾಕ್ ಅಬ್ಸಾರ್ಬರಿನ ಮೈಗೆ ಲೇಥಿನಲ್ಲಿ ತಿರುಪು ಕೊಯ್ದು ಒಂದು ದಪ್ಪ ಕಬ್ಬಿಣದ ಬಳೆ ತೊಡಿಸುತ್ತಾರೆ. ಆ ಬಳೆಯ ಮೇಲೆ ಸ್ಪ್ರಿಂಗ್ ಕೂರುತ್ತದೆ. ಬಳೆಯನ್ನು ಮೇಲಕ್ಕೆ ತಿರುಗಿಸಿದರೆ ಕಾರು ಏಳುತ್ತದೆ, ಕೆಳಕ್ಕೆ ತಿರುಗಿಸಿದರೆ ಕೂರುತ್ತದೆ. ತಗ್ಗಿ ಬಗ್ಗಿ ನಡೆಯಬೇಕೆಂದು ಹಿರಿಯರು ನಮಗೆ ಹೇಳಿದ್ದನ್ನು ಇವರು ಫಿಯೆಟ್ಟಿಗೆ ಕಲಿಸುತ್ತಾರೆ; ಅದು ನಮಗಿಂತ ಬೇಗ ಕಲಿಯುತ್ತದೆ. ಗೆದ್ದರೆ ಪೇಪರಿನಲ್ಲಿ ಕಾರಿನದೂ ಓಡಿಸಿದವರದೂ ಫೋಟೋ. ಬಳೆ ತೊಡಿಸಿದ ಕೈ ಅದರಲ್ಲಿ ಎಂದೂ ಬಂದಿಲ್ಲ.

ಇವರ ತಂದೆ ಜಟಕಾ ಗಾಡಿಗಳಿಗೆ ಕಮಾನು ಪಟ್ಟಿ ಕಟ್ಟುತ್ತಿದ್ದರು. "ಗಾಡಿ ನೆಲದ ಮಾತು ಕೇಳ್ಬೇಕು, ಕೂತವ್ರಿಗೆ ಚಾಡಿ ಹೇಳ್ಬಾರ್ದು ಅಂತಿದ್ರು ಅಬ್ಬಾ." ಜಟಕಾಗಳು ಹೋದವು, ಮಗ ಕಾರಿಗೆ ಬಂದರು. ಒಮ್ಮೆ ಸ್ಪ್ರಿಂಗ್ ಚಿಮ್ಮಿ ಎಡಗೈ ಹೆಬ್ಬೆರಳಿನ ತುದಿ ಹಾರಿಹೋಯಿತು. "ಹೆಬ್ಬಾಳಕ್ಕೆ ಹೆಬ್ಬೆರಳು ಕೊಟ್ಟಿದೀನಿ ಸಾರ್," ಎಂದು ನಗುತ್ತಾರೆ.

ಮೂಟೆಯ ಕಥೆ ಹೀಗಿದೆ. ಡ್ರೈವರ್ ಕೂತಾಗ ಕಾರು ಎಷ್ಟು ಇಳಿಯುತ್ತದೋ ನೋಡಿಯೇ ಎತ್ತರ ಹಿಡಿಯಬೇಕು. ಕಾರಿನ ಯಜಮಾನರೂ ರೇಸಿನಲ್ಲಿ ಅದನ್ನು ಓಡಿಸುವವರೂ ಅಮೃತಹಳ್ಳಿಯ ದ್ರಾಕ್ಷಿ ತೋಟದ ಪಿಳ್ಳಪ್ಪ. "ಕೂತ್ಕೊಳ್ಳಿ ಅಂದ್ರೆ ಕೂತ್ಕೋತಾರೆ, ಆದ್ರೆ ಕಾಲು ಕುಣಿಸ್ತಾರೆ. ಜೊತೆಗೆ ಕಾರೂ ಕುಣಿಯುತ್ತೆ. ಅಳತೆ ಎಲ್ಲಿಂದ ಹಿಡೀಲಿ?" ಕೊನೆಗೆ ಅವರನ್ನು ಯಶವಂತಪುರದ ಮಂಡಿಗೆ ಕರೆದೊಯ್ದು, ತಕ್ಕಡಿಯ ಒಂದು ತಟ್ಟೆಯಲ್ಲಿ ಕೂರಿಸಿ ಇನ್ನೊಂದಕ್ಕೆ ರಾಗಿ ಸುರಿಸಿದರು. ಯಾವ ದೇವರಿಗೆ ತುಲಾಭಾರ ಎಂದು ಮಂಡಿಯವರು ಕೇಳಿದರಂತೆ. "ಫಿಯೆಟ್ ದೇವರಿಗೆ ಅಂದೆ."

ಅವರ ಬದಲು ಆ ರಾಗಿಯ ಮೂಟೆ ಸೀಟಿನಲ್ಲಿ ಕೂತ ಮೇಲೆ ಎಲ್ಲ ಸರಿಯಾಗಿತ್ತು. ಕಳೆದ ತಿಂಗಳು ಮಾತ್ರ ಮದ್ರಾಸಿನ ರೇಸಿನಲ್ಲಿ, ಎಡ ತಿರುವಿಗೆ ಬಂದಾಗಲೆಲ್ಲ ಬಲಗಡೆ ಟೈರು ಮಡ್‌ಗಾರ್ಡಿಗೆ ಉಜ್ಜಿತು. ಪಿಳ್ಳಪ್ಪ ಅಲ್ಲಿಂದಲೇ ಶೆಡ್ಡಿನ ಎದುರಿನ ಅಂಗಡಿಗೆ ಟ್ರಂಕ್ ಕಾಲ್ ಮಾಡಿ ಆ ಸದ್ದನ್ನೇ ಬಾಯಲ್ಲಿ ಮಾಡಿ ಕೇಳಿಸಿದರು: "ಕರ್ರ್ರ್! ಇಂಗೆ ಅಬೀಬಣ್ಣ, ಇಂಗೆ!" ಇಂದು ಬೆಳಿಗ್ಗೆ ಅದೇ ಕಾರು ಮತ್ತೆ ಮದ್ರಾಸಿಗೆ ಹೊರಡಬೇಕು. ಇನ್ನೊಂದು ಸಲ ಉಜ್ಜಿದರೆ ಸಿಟಿಯ ಗ್ಯಾರೇಜೇ ಗತಿ ಎಂದಿದ್ದಾರೆ.

"ಒಂದು ಕಾರು ಹೋದ್ರೆ ಹಿಂದೇನೇ ಎಲ್ಲಾ ಹೋಗ್ತವೆ," ಎನ್ನುತ್ತ ಹಬೀಬುಲ್ಲಾ ಟೈರಿನ ಮೇಲಿನ ಸಂದಿಗೆ ಬೆರಳು ಜೋಡಿಸಿ ತೂರಿಸುತ್ತಾರೆ. ಎಡಕ್ಕೆ ನಾಲ್ಕು ಬೆರಳು, ಬಲಕ್ಕೂ ನಾಲ್ಕು. "ಸರಿಯಾಗೇ ಇದೆ. ಮತ್ಯಾಕೆ ಉಜ್ತು?"

ಅಷ್ಟರಲ್ಲಿ ಅವರ ಹೆಂಡತಿ ಕನೀಜ್ ಚಹಾ ತರುತ್ತಾರೆ. ಹಿಂದೆಯೇ ಕೋಳಿಗಳು. ಅವು ಶೆಡ್ಡಿನಲ್ಲಿ ಎಲ್ಲೂ ನಿಲ್ಲದೆ, ನೆಟ್ಟಗೆ ಫಿಯೆಟ್ಟಿನ ತೆರೆದ ಬಾಗಿಲಿಗೆ ಹೋಗುತ್ತವೆ. ಒಂದಂತೂ ಹಾರಿ ಮೂಟೆಯ ತೊಡೆಯೇರಿ ಕೂರುತ್ತದೆ. ಹಬೀಬುಲ್ಲಾ ಕೋಳಿಯನ್ನು ನೋಡುತ್ತಾರೆ, ಆಮೇಲೆ ಹೆಂಡತಿಯನ್ನು.

"ಮೂಲೇಲಿ ಸುಮ್ನೆ ಬಿದ್ದಿತ್ತಲ್ರೀ," ಕನೀಜ್ ಸೆರಗು ಸರಿಮಾಡಿಕೊಳ್ಳುತ್ತಾರೆ. "ಬೆಳಿಗ್ಗೆ ಬೆಳಿಗ್ಗೆ ಒಂದೊಂದು ಹಿಡಿ..."

"ಯಾ ಅಲ್ಲಾ! ಪಿಳ್ಳಪ್ಪನವರನ್ನೇ ಕೋಳಿಗೆ ಹಾಕ್ಬಿಟ್ಯಾ?"

ಮೂಟೆ ಹಗುರಾಗಿತ್ತು, ಪಿಳ್ಳಪ್ಪ ಆಗಿರಲಿಲ್ಲ. ಅವರು ಕೂತರೆ ಬಲಗಡೆ ಕಾರು ಇನ್ನಷ್ಟು ಇಳಿಯುತ್ತಿತ್ತು.

ಹೊರಗೆ ಬುಲೆಟ್ ಬೈಕಿನ ಸದ್ದು. ಒಳಗೆ ಬಂದ ಪಿಳ್ಳಪ್ಪನವರಿಗೆ ಹಬೀಬುಲ್ಲಾ ಏನನ್ನೂ ಮುಚ್ಚಿಡುವುದಿಲ್ಲ.

"ಏನಣ್ಣಾ, ನನ್ ತೂಕಾನ ಕೋಳಿ ತಿಂದ್ಬುಟ್ವಾ?"

"ಅದಕ್ಕೇ ಇವತ್ತು ನೀವೇ ಕೂತ್ಕೊಳ್ಳಿ. ಕಾಲು ಅಲ್ಲಾಡ್ಬಾರ್ದು." ಹೀಗೆಂದವರೇ ಮೂಟೆಯನ್ನು ಕೆಳಗಿಳಿಸಿ ಅವರನ್ನು ಕೂರಿಸಿ, ತೂಕಡಿಸುತ್ತಿರುವ ಕೋಳಿಯನ್ನು ಅವರ ತೊಡೆಯ ಮೇಲಿಡುತ್ತಾರೆ.

"ಕೋಳಿ ತೂಕ ಸೇರಕಿಲ್ವಾ?"

"ಅದೂ ನೀವೇ ಅಲ್ವಾ, ತೋಟದಣ್ಣ!"

ಕೋಳಿ ಕಣ್ಣು ಮುಚ್ಚುತ್ತದೆ. ಎದ್ದೀತೆಂದು ಪಿಳ್ಳಪ್ಪ ಉಸಿರು ಬಿಗಿಹಿಡಿದಿದ್ದಾರೆ. ಮಂಜು, ಕಾರು, ಮನುಷ್ಯ, ಕೋಳಿ ಎಲ್ಲ ಒಂದೇ ಕನಸಿನೊಳಗೆ ಹೊಕ್ಕಂತಿವೆ. ಬಲಗಡೆ ಸಂದಿಗೆ ಮೂರೇ ಬೆರಳು ಹೋಗುತ್ತವೆ. ಹಬೀಬುಲ್ಲಾ ಕಾರಿನಡಿ ಜಾರಿ ಬಳೆ ತಿರುಗಿಸುತ್ತಾರೆ. ಹೊರಬಂದು ಕಾರನ್ನು ಅಲುಗಿಸಿ, ಬೆರಳು ಇಟ್ಟು, ಮತ್ತೆ ಜಾರುತ್ತಾರೆ. ಕೊನೆಗೆ ನಾಲ್ಕನೆಯ ಬೆರಳೂ ನುಸುಳುತ್ತದೆ.

ಕೋಳಿಯನ್ನು ಇಳಿಸಿ ಪಿಳ್ಳಪ್ಪ ಕೆರೆ ಏರಿಯ ಕಡೆ ಕಾರು ಬಿಡುತ್ತಾರೆ. ಅಲ್ಲೊಂದು ಎಡ ತಿರುವಿದೆ. ಕೆಂಪು ದೀಪ ಮಂಜಿನಲ್ಲಿ ಅಳಿಸಿಹೋಗುತ್ತದೆ. ಹಬೀಬುಲ್ಲಾ ಕಣ್ಣು ಮುಚ್ಚಿ ಆ ದಿಕ್ಕಿಗೆ ಕಿವಿಗೊಟ್ಟು ನಿಂತಿದ್ದಾರೆ. ಕನೀಜ್ ಬಳೆ ಸದ್ದಾಗದಂತೆ ಕೈ ಹಿಡಿದುಕೊಂಡಿದ್ದಾರೆ. ಎಂಜಿನ್ ಏರುತ್ತದೆ, ತಿರುವಿನಲ್ಲಿ ಬಾಗುತ್ತದೆ, ನೀರಿನಾಚೆಗೆ ಹರಿದುಹೋಗುತ್ತದೆ.

"ಕೇಳಿಸ್ತಾ ಸಾರ್?"

"ಟೈರು ಉಜ್ಜಿದ್ದೇ? ಏನೂ ಕೇಳಿಸಲಿಲ್ಲವಲ್ಲ."

"ಅದೇ ಸಾರ್," ಹಬೀಬುಲ್ಲಾ ಕಣ್ಣು ತೆರೆಯುತ್ತಾರೆ, "ನಾನು ಮಾಡಿದ್ದು."