ಅಕ್ಕನ ಹಾಡು, ನನ್ನ ಬಾಗಿಲು

ಆ ಹಾಡನ್ನು ನಾನು ಮೊದಲು ಕೇಳಿದ್ದು ಪಣಜಿಯ ಹೋಟೆಲೊಂದರ ಹಿಂಬದಿಯಲ್ಲಿ ನಿಂತು, ಫೋನಿನಲ್ಲಿ. ಇನ್ನೇನು ವೇದಿಕೆ ಹತ್ತಬೇಕಿತ್ತು. ಎಷ್ಟೋ ವರ್ಷಗಳಿಂದ ನಾನು ಗೋವಾದ ಹೋಟೆಲುಗಳಲ್ಲಿ ಜಾಝ್ ಹಾಡುತ್ತೇನೆ. ಪಿಯಾನೊ ನುಡಿಸುವವನು ನನ್ನ ಗಂಡ, ಅಲ್ಲಿಯವನೇ. ಜಾಝ್ ಎಂದರೇನು ಎಂದು ಊರಿನವರು ಕೇಳಿದರೆ ನಾನು ಹೇಳುವುದಿಷ್ಟೇ: ಅದೇ ಹಾಡನ್ನು ದಿನಾ ಹಾಡಬೇಕು, ಆದರೆ ನಿನ್ನೆ ಹಾಡಿದ ಹಾಗೆ ಇವತ್ತು ಹಾಡಬಾರದು. ಆ ಸಂಜೆ ದಾಂಡೇಲಿಯ ಹಳೆಯ ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ಹಾಡು ಹಾಕಿದ್ದರು. ಹಳಿಯಾಳದ ಯಾವುದೋ ಸಮಾರಂಭದಲ್ಲಿ ಹೆಣ್ಣುಮಕ್ಕಳೆಲ್ಲ ಸೇರಿ ಹಾಡಿದ್ದು. ಹಿಂದೆ ಕುರ್ಚಿ ಎಳೆಯುವ ಸದ್ದು ಬೇರೆ.

“ಭೋಂಗಾ ಹೊಡೀತು, ಚಾಕ್ಕ ನೀರಿಡವ್ವ,
ನೂರು ಗಂಟಿ ಬಂದಾವ, ನಮ್ಮ ಗಂಟಿ ಯಾವುದವ್ವ.”

ದಾಂಡೇಲಿಯ ಕಾಗದದ ಗಿರಣಿಯ ಸೈರನ್ನಿಗೆ ನಾವು ಭೋಂಗಾ ಎನ್ನುತ್ತಿದ್ದೆವು. ಅದು ಕೂಗಿ ಪಾಳಿ ಬಿಟ್ಟರೆ ಸಾಕು, ಕಾರ್ಮಿಕರ ಸೈಕಲ್ಲುಗಳು ಗಂಟೆ ಬಾರಿಸುತ್ತ ಕ್ವಾರ್ಟರ್ಸಿನ ಕಡೆಗೆ ಹರಿದು ಬರುತ್ತಿದ್ದವು. ನನ್ನಪ್ಪನ ಸೈಕಲ್ಲೂ ಅದರೊಳಗೇ ಇರುತ್ತಿತ್ತು. ಹಾಡು ಕೇಳಿ ನನಗೆ ಕಣ್ಣು ತುಂಬಿ ಬಂತು ಎಂದರೆ ಸುಳ್ಳಾಗುತ್ತದೆ. ಹೊಟ್ಟೆ ಉರಿಯಿತು. ಅದೇ ಭೋಂಗಾ, ಅದೇ ಓಣಿ, ಅದೇ ಗಂಟೆಗಳು. ನನಗೂ ಎರಡು ಕಿವಿ ಇದ್ದವಲ್ಲ, ಈ ಹಾಡು ನನಗೇಕೆ ಸಿಗಲಿಲ್ಲ?

ಬರೆದು ರಾಗ ಹಾಕಿದವಳು ನಮ್ಮ ಎದುರು ಮನೆಯ ಅಕ್ಕ. ರಕ್ತಸಂಬಂಧವಲ್ಲ, ನನಗಿಂತ ಸ್ವಲ್ಪ ದೊಡ್ಡವಳು, ಹಾಗಾಗಿ ಅಕ್ಕ. ಮುಂಡಗೋಡ, ಹಳಿಯಾಳ ಎಂದು ಕನ್ನಡ ಶಾಲೆಗಳಲ್ಲಿ ಕಲಿಸಿ, ನಿವೃತ್ತಳಾಗಿ, ಈಗ ದಾಂಡೇಲಿ ಪಕ್ಕದ ಅಂಬೇವಾಡಿಯಲ್ಲಿ ಮನೆ ಮಾಡಿಕೊಂಡಿದ್ದಾಳೆ. ಮಕ್ಕಳಿಗೆಂದು ಕಟ್ಟತೊಡಗಿದ ಅವಳ ಹಾಡುಗಳು ಶಾಲೆ ದಾಟಿ, ನಾಟಕಗಳಿಗೆ ಹೋಗಿ, ರೇಡಿಯೊ ಸೇರಿ, ಪಾಳಾ ಎಂಬ ಹಳ್ಳಿಯ ನಾಟಿ ಗದ್ದೆಯವರೆಗೂ ಹೋಗಿದ್ದವು. ನಾನು ಅವಳನ್ನು ಮೆಚ್ಚುತ್ತಿದ್ದೆ, ಮೆಚ್ಚಿದಷ್ಟೂ ಕರುಬುತ್ತಿದ್ದೆ. ನನ್ನ ಕಂಠಕ್ಕೆ ಜನ ಚಪ್ಪಾಳೆ ತಟ್ಟುತ್ತಾರೆ, ನಿಜ. ಆದರೆ ಎದ್ದು ಹೋಗುವಾಗ ಅವರ ಬಾಯಲ್ಲಿ ಉಳಿಯುವುದು ಬೇರೆ ಯಾರೋ ಕಟ್ಟಿದ ಹಾಡು.

ಅವಳ ಹಾಡುಗಳನ್ನು ಜಾಝ್ ಮಾಡಿ ಧ್ವನಿಮುದ್ರಿಸಬೇಕು ಎಂದು ಹಟ ಹಿಡಿದದ್ದು ನಾನೇ. ಅಭಿಮಾನದಿಂದ ಎಂದು ಎಲ್ಲರಿಗೂ ಹೇಳಿದೆ. ಹಾಡು ನನ್ನದಾಗದಿದ್ದರೆ ಹಾಡಿದ ರೀತಿಯಾದರೂ ನನ್ನದೇ ಎನಿಸಿಕೊಳ್ಳಲಿ ಎಂಬ ಆಸೆ ಇದ್ದದ್ದನ್ನು ಗಂಡನಿಗೂ ಹೇಳಲಿಲ್ಲ.

ಅಂಬೇವಾಡಿಗೆ ಹೋಗಿ ಕೇಳಿದಾಗ ಅಕ್ಕ ಅವಲಕ್ಕಿ ಕಲಸುತ್ತಿದ್ದಳು. 

“ನನ್ನ ಹಾಡಿಗೆ ನಿಮ್ಮ ಆ ಇಂಗ್ಲಿಷ್ ಬಾಜಾ ಹೊಂದತೈತೇನ?”

“ಹೊಂದಸ್ತೇನಿ, ಅಕ್ಕಾ.”

“ಹೊಂದ್ಸು. ಹಾಡಿನ ಕೈಕಾಲು ಮಾತ್ರ ಮುರೀಬ್ಯಾಡ.” ನಕ್ಕು ಬಟ್ಟಲು ಮುಂದೆ ಸರಿಸಿದಳು. “ಆದ್ರ ನಾ ಗೋವಾಕ್ಕ ಬರಾಂಗಿಲ್ಲ ನೋಡು. ಘಾಟಿನ್ಯಾಗ ನನಗ ವಾಂತಿ ಆಗತೈತಿ.”

ಅವಳು ಬರದಿದ್ದರೆ ನಾವೇ ಹೋಗೋಣ ಎಂದು ನನ್ನ ಗಂಡ ತನ್ನ ಗೆಳೆಯನ ಹೋಮ್‌ಸ್ಟೇ ಹಿಡಿದ. ಜೋಯಿಡಾದ ಆಚೆ, ಉಳವಿಯ ದಾರಿಯಲ್ಲಿ. ವಾರದ ನಡುವೆ ಅಲ್ಲಿ ಅತಿಥಿಗಳಿರುವುದಿಲ್ಲ. ಊಟದ ಹಾಲಿನ ಕಿಟಕಿಗಳಿಗೆಲ್ಲ ಹಾಸಿಗೆ ಕಟ್ಟಿ, ಗೋವಾದಿಂದ ತಂದ ಎಲೆಕ್ಟ್ರಿಕ್ ಪಿಯಾನೊ ಇಟ್ಟು, ಮೈಕು ನಿಲ್ಲಿಸಿ, ಜೊತೆಗೆ ಕರೆತಂದ ಇಬ್ಬರು ವಾದ್ಯದವರನ್ನು ಕೂರಿಸಿದೆವು. ಮಂಗಟ್ಟೆ ಹಕ್ಕಿ ಕೂಗಿದರೆ ನಿಲ್ಲಿಸಬೇಕು, ಜೀಪು ಹೋದರೆ ನಿಲ್ಲಿಸಬೇಕು. ಅಕ್ಕ ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೊಣಕಾಲಿನ ಮೇಲೆ ಟವೆಲ್ ಹಾಸಿಕೊಂಡು ಕೂತಿರುತ್ತಿದ್ದಳು. ಮಿಕ್ಕ ಹಾಡುಗಳೆಲ್ಲ ಸಲೀಸಾಗಿ ಮುಗಿದವು. ಒಂದರಲ್ಲಂತೂ ಮಾತು ಮುಗಿದ ಮೇಲೆ ಬರೀ ಸ್ವರದಲ್ಲೇ ನಾನು ಎಷ್ಟು ದೂರ ಹೋದೆನೆಂದರೆ, ಇಲ್ಲಿ ಅಕ್ಕ ಇಲ್ಲ, ನಾನೊಬ್ಬಳೇ ಇದ್ದೇನೆ ಎಂದು ಒಳಗೊಳಗೇ ಬೀಗಿದೆ.

ಭೋಂಗಾದ ಹಾಡನ್ನು ಕೊನೆಗೆ ಇಟ್ಟುಕೊಂಡಿದ್ದೆ. ಮೆಲ್ಲಗೆ ಎತ್ತಿಕೊಂಡು, “ಯಾವುದವ್ವ” ಎನ್ನುವಲ್ಲಿ ಎಳೆದು, ಜಾರಿಸಿ, ತಿರುಗಿಸಿ ಇಳಿಸಿದೆ. ಮುಗಿದಾಗ ವಾದ್ಯದವರಿಬ್ಬರೂ ತಲೆ ತೂಗಿದರು.

“ಭಾಳ ಚಂದ ಐತಿ,” ಅಂದಳು ಅಕ್ಕ.

ಶಾಲೆಯಲ್ಲಿ ದಡ್ಡ ಮಕ್ಕಳಿಗೆ ಹೇಳುವ ಧಾಟಿ ಅದು. “ಏನರ ಹೇಳೂದಿದ್ರ ಹೇಳಬಾರದ?” ಅಂದೆ.

“ಚಂದ ಐತಿ ಅಂದ್ನೆಲ್ಲ. ಚಂದನ ಜಾಸ್ತಿ ಆಗೇತಿ.” ಆಮೇಲೆ, ಕೇಳದೆಯೇ, ಕೂತಲ್ಲಿಂದಲೇ ತಾನು ಹಾಡಿದಳು. ಅವಳದು ಒಡೆದ ದನಿ, ವರ್ಷಗಟ್ಟಲೆ ಮಕ್ಕಳನ್ನು ಗದರಿ ಸವೆದದ್ದು. ಮೇಲಿನ ಸ್ವರ ಮುಟ್ಟಲಾಗದೆ ಅಲ್ಲಿ ಬರೀ ಮಾತನ್ನೇ ಆಡಿದಳು. ಅಷ್ಟರಲ್ಲಿ ಪಿಯಾನೊ ಶುರುವಾಯಿತು. ನನ್ನ ಗಂಡ ಅವಳ ಹಿಂದೆಯೇ ಹೋಗುತ್ತಿದ್ದ. ಅವಳು ಉಸಿರು ತೆಗೆದುಕೊಂಡಲ್ಲಿ ಕೈ ಎತ್ತಿ ಕಾಯುತ್ತಿದ್ದ, ಮತ್ತೆ ಒಂದೇ ಒಂದು ಸ್ವರ ಇಡುತ್ತಿದ್ದ. ನನ್ನ ಜೊತೆ ಇಷ್ಟು ವರ್ಷ ನುಡಿಸಿದವನು ಒಮ್ಮೆಯೂ ಹಾಗೆ ಕಾದಿರಲಿಲ್ಲ. ಹಾಡು ಮುಗಿದಾಗ ನನ್ನ ಕಡೆ ನೋಡದೆ, ಅವಳಿಗೆ ತನ್ನ ಕೊಂಕಣಿಯಲ್ಲಿ, “ಆನಿಕ್ ಏಕ್ ಪಾವ್ಟಿ, ಬಾಯಿ,” ಅಂದ. ಇನ್ನೊಂದು ಸಲ.

ಅವಳು ಇನ್ನೊಂದು ಸಲ ಹಾಡಿದಳು. ಮೈಕಿನ ಮುಂದೆ ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಿಂತೇ ಇದ್ದೆ. ಆ ದನಿ ನನ್ನ ತಲೆಯೊಳಗೇ ಹಾಡಿದ ಹಾಗಿತ್ತು. ಹೆಡ್‌ಫೋನ್ ಕಿತ್ತು ಇಟ್ಟೆ.

“ಆ ಗಂಟಿ ಕೇಳಿದಾಕಿ ನೀ ಒಬ್ಬಾಕೀನ ಏನ? ನಾನೂ ಅದ ಓಣ್ಯಾಗ ಬೆಳದೇನಿ. ನಂಗೂ ಗೊತ್ತೈತಿ.”

ಅಕ್ಕ ನನ್ನನ್ನು ವಿಚಿತ್ರವಾಗಿ ನೋಡಿದಳು. “ನಾ ಎಲ್ಲೆ ಗಂಟಿ ಕಾದೀನಿ? ನಮ್ಮಪ್ಪ ಆಫೀಸಿನ್ಯಾಗ ಇದ್ದ. ಅವಗ ಪಾಳಿ ಎಲ್ಲಿತ್ತು, ಸೈಕಲ್ ಎಲ್ಲಿತ್ತು? ಭೋಂಗಾ ಹೊಡದಾಗ ಬಾಗಲದಾಗ ನಿಂದಿರತಿದ್ದಾಕಿ ನೀನು. ಒಂದ ಕಾಲಮ್ಯಾಲ ಒಂದ ಕಾಲಿಟ್ಟು. ‘ಅವ್ವಾ, ಚಾಕ್ಕ ನೀರಿಡ’ ಅಂತ ಒದರತಿದ್ದಿ. ನಾ ನಮ್ಮ ಕಿಟಕ್ಯಾಗ ಕುಂತು ನೋಡತಿದ್ನಿ. ನಿನ್ನ ಮ್ಯಾಲನ ಬರದದ್ದು ಅದು.”

“ನಾ ಹಂಗ ಒದರತಿದ್ನಾ?”

“ದಿನಾ.”

ನನಗೆ ಅದರ ನೆನಪೇ ಇಲ್ಲ. ಅಪ್ಪ ನೆನಪಿದ್ದಾನೆ, ಸೈಕಲ್ಲು ನೆನಪಿದೆ. ಬಾಗಿಲಲ್ಲಿ ನಿಂತ ಆ ಹುಡುಗಿ ಮಾತ್ರ ನನ್ನ ತಲೆಯಲ್ಲಿ ಎಲ್ಲೂ ಇರಲಿಲ್ಲ.

“ಮತ್ತ ಇಷ್ಟ ದಿನಾ ಯಾಕ ಹೇಳಲಿಲ್ಲ?” ನನ್ನ ದನಿ ಏರಿತ್ತು.

“ಏನಂತ ಹೇಳ್ಲಿ?” ಮೊಣಕಾಲಿನ ಟವೆಲನ್ನು ಸರಿಮಾಡಿಕೊಂಡಳು. “ನಮ್ಮಪ್ಪ ಮನೀಗೆ ಬಂದ ಅಂದ್ರ ನಾವು ಮಾತ ನಿಲ್ಲಸ್ತಿದ್ವಿ. ನಿಮ್ಮ ಮನ್ಯಾಗ ಆವಾಗ ಮಾತು ಚಾಲೂ ಆಗತಿದ್ವು. ಅದಕ್ಕ ನೋಡತಿದ್ನಿ.”

ನಾನು ಅಂಗಳಕ್ಕೆ ಹೋಗಿಬಿಟ್ಟೆ. ಇದನ್ನು ಕೇಳಿ ಮನಸ್ಸು ಕರಗಬೇಕಿತ್ತು ಎಂದು ಈಗ ಗೊತ್ತಾಗುತ್ತದೆ. ಆಗ ಕರಗಲಿಲ್ಲ. ಅಂಥ ಅಪ್ಪನ ಮನೆಯಲ್ಲಿ ಬೆಳೆದ ಅವಳ ಬಗ್ಗೆ ಮರುಕಪಡುವ ಬದಲು ಮತ್ತಷ್ಟು ಉರಿದುಕೊಂಡೆ. ಕಾದವಳು ನಾನು, ಕೂಗಿದವಳು ನಾನು, ಅಪ್ಪ ನನ್ನವನು. ಅದನ್ನೆಲ್ಲ ಮರೆತು ನಾನು ಊರೂರು ಅಲೆದು ಬೇರೆಯವರ ಪ್ರೀತಿ, ಬೇರೆಯವರ ವಿರಹ ಹಾಡಿಕೊಂಡಿದ್ದೆ. ಎದುರು ಮನೆಯ ಕಿಟಕಿಯಲ್ಲಿ ಕೂತವಳು ಅದನ್ನು ಹಾಡು ಮಾಡಿ ಊರಿಗೆಲ್ಲ ಹಂಚಿದ್ದಳು. ಕದ್ದಳು ಎನ್ನೋಣವೆಂದರೆ, ನನ್ನ ಬಳಿ ಇಲ್ಲದೇ ಇದ್ದದ್ದನ್ನು ಕದಿಯುವುದು ಹೇಗೆ?

ಗಂಡ ನೀರಿನ ಬಾಟಲಿ ಹಿಡಿದು ಬಂದ. ಸಮಾಧಾನ ಹೇಳಲಿಲ್ಲ. “ಸಿಟ್ಟು ಐತಲ್ಲ,” ಅಂದ ತನ್ನ ಹರಕು ಕನ್ನಡದಲ್ಲಿ, “ಹಾಂಗೇ ಬಾ. ಹಾಡು.”

ಒಳಗೆ ಹೋಗಿ ಪಿಯಾನೊ ಬೇಡವೆಂದೆ. ಬರೀ ಗಂಟಲಲ್ಲಿ ಎತ್ತಿದೆ. ಎಳೆಯಲಿಲ್ಲ, ಜಾರಿಸಲಿಲ್ಲ. ಅಡುಗೆಮನೆಯಲ್ಲಿರುವ ಅವ್ವನಿಗೆ ಕೇಳಿಸಬೇಕಾದರೆ ಎಷ್ಟು ಜೋರು ಬೇಕೋ ಅಷ್ಟು ಜೋರಾಗಿ, ಸ್ವಲ್ಪ ಒರಟಾಗಿಯೇ ಹಾಡಿದೆ. ಎರಡನೇ ಚರಣಕ್ಕೆ ಗಂಡ ಬಂದು ಸೇರಿಕೊಂಡ. ಈ ಸಲ ನನಗೂ ಕಾದ. ಹೊರಗೆ ಜೀಪೊಂದು ಹೋದ ಸದ್ದು ಅದರಲ್ಲಿ ಈಗಲೂ ಸಣ್ಣಗೆ ಕೇಳುತ್ತದೆ, ಯಾರೂ ನಿಲ್ಲಿಸಲಿಲ್ಲ.

ಮುಗಿದ ಮೇಲೆ ಅಕ್ಕ, “ಇದನ್ನ ಇಟಗೋರಿ,” ಅಂದಳು. ನನಗಲ್ಲ, ನನ್ನ ಗಂಡನಿಗೆ.

ಹಾಡುಗಳು ಹೊರಬಂದ ಮೇಲೆ ದಾಂಡೇಲಿಯ ಒಂದು ಸಭಾಂಗಣದಲ್ಲಿ ಕಾರ್ಯಕ್ರಮ ಇಟ್ಟುಕೊಂಡೆವು. ಗಿರಣಿಯ ಹಳೆಯ ಕುಟುಂಬಗಳೆಲ್ಲ ಬಂದಿದ್ದವು. ಭೋಂಗಾದ ಹಾಡಿಗೆ ಮುದುಕರು ಎದ್ದು ನಿಂತರು. ನಾನು ವೇದಿಕೆ ಇಳಿಯುವಷ್ಟರಲ್ಲಿ ಜನ ಅಕ್ಕನನ್ನು ಮುತ್ತಿಕೊಂಡಿದ್ದರು. ಹೆಣ್ಣುಮಗಳೊಬ್ಬಳು ನನ್ನ ಹತ್ತಿರ ಓಡಿ ಬಂದಳು.

“ನಿಮ್ಮ ದನಿ ಭಾಳ ಚೊಲೋ ಐತ್ರಿ.” ಕೈಗೆ ಫೋನು ಕೊಟ್ಟಳು. “ಅಕ್ಕಾರ ಜೋಡಿ ನಂದೊಂದು ಫೋಟೊ ತಗೀರಿ.”

ತೆಗೆದೆ. ಅವಳ ಕಣ್ಣು ಮುಚ್ಚಿತ್ತೆಂದು ಇನ್ನೊಂದನ್ನೂ ತೆಗೆದುಕೊಟ್ಟೆ.

ಹಾಡಿನ ಹುಡುಗಿ ನಾನೇ ಎಂದು ಮೈಕಿನಲ್ಲಿ ಹೇಳಬಹುದಿತ್ತು. ಹೇಳಿದ್ದರೆ ಜನ ನನ್ನನ್ನು ಒಮ್ಮೆ ನೋಡಿ, ‘ಎಷ್ಟು ಸೂಕ್ಷ್ಮ ನೋಡ್ಯಾಳ ಅಕ್ಕ’ ಎಂದು ಮತ್ತೆ ಅವಳ ಕಡೆಗೇ ತಿರುಗುತ್ತಿದ್ದರು. ಸುಮ್ಮನಿದ್ದೆ. ಅವಳೂ ಹೇಳಲಿಲ್ಲ. ಅದೊಂದು ಉಪಕಾರವೋ ಜಿಪುಣತನವೋ ನನಗೆ ಇವತ್ತಿಗೂ ತಿಳಿದಿಲ್ಲ.

ಮೊನ್ನೆ ಅಕ್ಕ ಫೋನು ಮಾಡಿದ್ದಳು. “ಹೊಸಾದೊಂದು ಕಟ್ಟೇನಿ. ಮುಂಡಗೋಡದಾಕಿ ಒಬ್ಬಾಕಿ ಕೇಳ್ಯಾಳ, ನನ್ನ ಹಳೇ ವಿದ್ಯಾರ್ಥಿನಿ. ಕೊಡಬೇಕಂತ ಮಾಡೇನಿ. ಚೊಲೋ ಹಾಡ್ತಾಳ.”

ಅಕ್ಕನ ಬಾಯಿಂದ ಆ ‘ಚೊಲೋ’ ನನಗೆ ಎಂದೂ ಸಿಕ್ಕಿರಲಿಲ್ಲ.

“ಮೊದಲ ನನಗ ಕೇಳಸು,” ಅಂದೆ.

“ಯಾಕ?”

“ಸುಮ್ನ. ಕೇಳಸಬಾರದ?”

ಅಕ್ಕ ಗಂಟಲು ಸರಿಮಾಡಿಕೊಂಡು ಶುರುಮಾಡಿದಳು. ಗಂಡ ಪಕ್ಕದ ಕೋಣೆಯಲ್ಲೇ ಇದ್ದ. ಆ ಒಡೆದ ದನಿ ಅವನ ಕಿವಿಗೆ ಬೀಳಬಾರದೆಂದು ನಾನು ಫೋನನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಮಾಳಿಗೆ ಹತ್ತಿದೆ.